ಅಲ್ಪಶ್ರವಣವೂ ನಿರ್ಣಯವೂ

ಕೇಳಿದ್ದು ಸ್ವಲ್ಪ, ಹೇಳಬೇಕಾದದ್ದು ಬಹಳ. ಮನುಷ್ಯನ ಬಾಳಿನಲ್ಲಿ ಈ ಸಂದರ್ಭವು ದಿನದಿನವೂ ಒದಗುತ್ತಿರುವುದು. ವೈದ್ಯನು ನಾಲ್ಕಾರು ಎದೆಬಡಿತಗಳಿಗೆ ಕಿವಿಗೊಟ್ಟು ರೋಗವನ್ನು ಹೆಸರಿಸಬೇಕು. ನ್ಯಾಯಾಧಿಪತಿಯು ಒಂದು ಗಳಿಗೆಯ ಸಾಕ್ಷ್ಯವನ್ನು ಕೇಳಿ ಒಬ್ಬನ ನಡತೆಯನ್ನು ಅಳೆಯಬೇಕು. ಹೆಣ್ಣು ನೋಡಲು ಬಂದವರು ಒಂದು ಸಂಜೆಯ ಉಪಚಾರದ ಮಾತಿನಿಂದ ಒಂದು ಜನ್ಮದ ಸಂಬಂಧವನ್ನು ನಿಶ್ಚಯಿಸಬೇಕು. ಕೇಳಿದ ಕಾಲವು ಅಲ್ಪವಾಗಿರುವುದು ಮೊದಲನೆಯ ಕಷ್ಟ. ಆ ಅಲ್ಪಕಾಲದಲ್ಲಿಯೂ ಬೇಡದ ಗದ್ದಲವು ಬೇಕಾದ ದನಿಯೊಡನೆ ಬೆರೆತು ಬರುವುದು ಎರಡನೆಯ ಕಷ್ಟ. ಹೀಗಿರುವಾಗ ಎಷ್ಟನ್ನು ಹೇಳುವುದು ಪ್ರಾಮಾಣಿಕತೆ, ಎಷ್ಟರಿಂದಾಚೆಗೆ ಹೇಳುವುದು ಧಾರ್ಷ್ಟ್ಯ? ಈ ಪ್ರಶ್ನೆಯು ಮೇಲುನೋಟಕ್ಕೆ ನೀತಿಶಾಸ್ತ್ರಕ್ಕೆ ಸೇರಿದ್ದೆಂದು ತೋರುವುದು. ಆದರೆ ನಾದವನ್ನು ಅಳೆಯುವ ಗಣಿತಜ್ಞರು ಇದೇ ಪ್ರಶ್ನೆಯನ್ನು ಇನ್ನೂರು ವರ್ಷಗಳಿಂದ ಕೈಬಿಡದೆ ವಿಚಾರಿಸಿದ್ದಾರೆ. ಅವರು ಕಂಡುಕೊಂಡ ಉತ್ತರವು ನೀತಿಯನ್ನು ವಿಚಾರಿಸುವವರಿಗೂ ಪ್ರಯೋಜನಕಾರಿಯಾಗಿದೆ.

ಮೊದಲು ಕೈಗೆ ಸಿಕ್ಕುವ ಉದಾಹರಣೆಯೊಂದನ್ನು ತೆಗೆದುಕೊಳ್ಳಬಹುದು. ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಉಂಡೆ ಕೊಬ್ಬರಿಯನ್ನು ಸಿದ್ಧಪಡಿಸುವ ಬಗೆ ಎಲ್ಲರಿಗೂ ತಿಳಿದದ್ದೇ. ಚೆನ್ನಾಗಿ ಬಲಿತ ಕಾಯಿಗಳನ್ನು ಸುಲಿಯದೆ ಅಟ್ಟದ ಮೇಲೆ ಹರಡಿ, ಹತ್ತು ಹನ್ನೆರಡು ತಿಂಗಳು ಅವುಗಳ ಪಾಡಿಗೆ ಬಿಟ್ಟುಬಿಡುತ್ತಾರೆ. ಒಳಗಿನ ನೀರು ಮೆಲ್ಲಮೆಲ್ಲನೆ ಇಂಗುತ್ತದೆ. ತಿರುಳು ಒಣಗಿ ಕುಗ್ಗಿ, ಕೊನೆಗೆ ಕರಟದಿಂದ ತಾನಾಗಿಯೇ ಬಿಟ್ಟುಕೊಂಡು ಒಂದು ಉಂಡೆಯಾಗಿ ನಿಲ್ಲುತ್ತದೆ. ಈ ಕಾರ್ಯವೆಲ್ಲವೂ ಕಣ್ಣಿಗೆ ಮರೆಯಾಗಿ ನಡೆಯತಕ್ಕದ್ದು. ಹೊರಗಿನ ಸಿಪ್ಪೆಯು ಒಳಗಿನ ಸ್ಥಿತಿಯನ್ನು ಹೇಳುವುದಿಲ್ಲ. ಆದುದರಿಂದ ಒಕ್ಕಲಿಗನು ಕಾಯನ್ನು ಕೈಗೆತ್ತಿಕೊಂಡು ಕಿವಿಯ ಬಳಿ ಒಮ್ಮೆ ಅಲ್ಲಾಡಿಸುತ್ತಾನೆ. ನೀರು ಗುಳುಗುಟ್ಟಿದರೆ ಕಾಯಿ ಇನ್ನೂ ಹಸಿ. ಏನೂ ಸದ್ದಾಗದಿದ್ದರೆ ನೀರು ಇಂಗಿದೆ, ತಿರುಳು ಇನ್ನೂ ಕರಟವನ್ನು ಬಿಟ್ಟಿಲ್ಲ. ಉಂಡೆಯು ಕರಟದ ಗೋಡೆಗೆ ಬಡಿದು ಗಡಗಡನೆ ಸದ್ದಾದರೆ ಕೊಬ್ಬರಿ ಸಿದ್ಧವಾಗಿದೆ. ಕೇಳಿದ್ದು ಅರೆಗಳಿಗೆಯೂ ಇಲ್ಲ. ಸುತ್ತಲೂ ಕಾಯಿ ಸುಲಿಯುವವರ ಮಾತು, ಗಾಡಿಯ ಸದ್ದು. ಆದರೂ ನಿರ್ಣಯವು ಬಹುಮಟ್ಟಿಗೆ ಸರಿಯಾಗಿರುತ್ತದೆ.

ಇದನ್ನು ಕಂಡು, ಅಲ್ಪಶ್ರವಣದಿಂದಲೂ ಪೂರ್ಣಜ್ಞಾನವು ಸಾಧ್ಯವೆಂದು ಯಾರಾದರೂ ಹೇಳಿದರೆ ಅದು ಆತುರದ ಮಾತು. ಒಕ್ಕಲಿಗನು ಕಾಯಿಯನ್ನು ಕೇಳಿದ ಪ್ರಶ್ನೆ ಎಂಥದು ಎಂಬುದನ್ನು ಗಮನಿಸಬೇಕು. ತಿರುಳಿನ ತೂಕವೆಷ್ಟು, ಕರಟದ ದಪ್ಪವೆಷ್ಟು, ಎಣ್ಣೆಯ ಅಂಶವೆಷ್ಟು ಎಂದು ಅವನು ಕೇಳಲಿಲ್ಲ. ಮೂರು ಉತ್ತರಗಳಲ್ಲಿ ಯಾವುದು ಎಂದಷ್ಟೇ ಕೇಳಿದನು. ಆ ಮೂರು ಉತ್ತರಗಳೂ ಒಂದಕ್ಕೊಂದು ಬಹು ದೂರವಾಗಿವೆ. ಗುಳುಗುಳುವಿಗೂ ಗಡಗಡಕ್ಕೂ ನಡುವೆ ಸಂದೇಹಕ್ಕೆ ಎಡೆಯಿಲ್ಲ. ಅಲ್ಪವಾದ ಸಾಕ್ಷ್ಯಕ್ಕೆ ಅಲ್ಪವಾದ ಪ್ರಶ್ನೆಯನ್ನು ಹಾಕಿದ್ದೇ ಅವನ ಜಾಣತನ. ಇದೇ ಸದ್ದಿನಿಂದ ಉಂಡೆಯ ಸ್ವರವು ಎಷ್ಟು ಕಂಪನಗಳದು ಎಂದು ಕೇಳಿದ್ದರೆ, ಕಾಯಿಯೂ ಉತ್ತರಿಸಲಾರದು, ಕಿವಿಯೂ ಉತ್ತರಿಸಲಾರದು.

ಏಕೆ ಉತ್ತರಿಸಲಾರದೆಂಬುದನ್ನು ಯಾವ ಯಂತ್ರದ ಸಹಾಯವೂ ಇಲ್ಲದೆ ತಿಳಿಯಬಹುದು. ಸ್ವರದ ಎತ್ತರವೆಂದರೆ ಒಂದು ಸೆಕೆಂಡಿನಲ್ಲಿ ಆಗುವ ಕಂಪನಗಳ ಸಂಖ್ಯೆ. ಇದಕ್ಕೆ ಶಾಸ್ತ್ರಜ್ಞರು ಆವೃತ್ತಿಯೆಂದು ಹೆಸರಿಟ್ಟಿದ್ದಾರೆ. ಸಂಖ್ಯೆಯನ್ನು ತಿಳಿಯಬೇಕಾದರೆ ಎಣಿಸಬೇಕು; ಎಣಿಸಲು ಕಾಲ ಬೇಕು. ಒಂದು ಸದ್ದು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗ ಮಾತ್ರ ನಿಂತು, ಅಷ್ಟರಲ್ಲಿ ಹತ್ತು ಕಂಪನಗಳು ಕಂಡುಬಂದುವೆನ್ನೋಣ. ಹತ್ತನ್ನು ಇಪ್ಪತ್ತರಿಂದ ಗುಣಿಸಿ, ಸೆಕೆಂಡಿಗೆ ೨೦೦ ಎಂದು ಹೇಳಬಹುದು. ಆದರೆ ಆರಂಭದಲ್ಲಿಯೋ ಅಂತ್ಯದಲ್ಲಿಯೋ ಒಂದು ಕಂಪನವು ತುಂಡಾಗಿ ಎಣಿಕೆಯಲ್ಲಿ ಹೆಚ್ಚೋ ಕಡಮೆಯೋ ಆಗಿದ್ದರೆ, ಆ ಒಂದರ ತಪ್ಪು ಉತ್ತರದಲ್ಲಿ ಇಪ್ಪತ್ತರ ತಪ್ಪಾಗುವುದು. ಸದ್ದು ಒಂದು ಸೆಕೆಂಡು ಪೂರ್ತಿ ನಿಂತಿದ್ದರೆ ಅದೇ ಎಣಿಕೆಯ ತಪ್ಪು ಒಂದರಷ್ಟೇ ಆಗುತ್ತಿತ್ತು.

ಸಂಗೀತಗಾರರಿಗೆ ಇದು ಅನುಭವಸಿದ್ಧವಾದ ವಿಷಯ. ತಂಬೂರಿಯ ಎರಡು ಸಾರಣೆ ತಂತಿಗಳು ಸೆಕೆಂಡಿಗೆ ಒಂದು ಕಂಪನದಷ್ಟು ಮಾತ್ರ ಬೇರೆಯಾಗಿದ್ದರೆ, ಮೀಟಿದ ಕೂಡಲೆ ಅವು ಒಂದೇ ಎಂದು ತೋರುತ್ತವೆ. ಸ್ವಲ್ಪ ಕಾದರೆ ನಾದವು ಉಬ್ಬಿ ತಗ್ಗುವುದು ಕೇಳಿಸುತ್ತದೆ. ಆ ಒಂದು ಉಬ್ಬುತಗ್ಗು ಪೂರ್ತಿಯಾಗಲು ಒಂದು ಸೆಕೆಂಡು ಬೇಕು. ಭೇದವು ಅರ್ಧ ಕಂಪನದ್ದಾದರೆ ಎರಡು ಸೆಕೆಂಡು ಬೇಕು. ಭೇದವು ಸೂಕ್ಷ್ಮವಾದಷ್ಟೂ ಕಾಯುವ ಕಾಲವು ದೀರ್ಘವಾಗುವುದು. ಶ್ರುತಿ ಸೇರಿಸುವುದರಲ್ಲಿ ಆತುರವು ಸಲ್ಲದೆಂದು ಗುರುಗಳು ಹೇಳುವುದು ಬರಿಯ ಸಂಪ್ರದಾಯವಲ್ಲ. ನಾದದ ಸ್ವಭಾವವೇ ಹಾಗಿದೆ. ಫ್ರಾನ್ಸಿನ ಫೂರಿಯೇ ಎಂಬ ವಿದ್ವಾಂಸನು ೧೮೨೨ರಲ್ಲಿ ಪ್ರಕಟಿಸಿದ ಶಾಖಗ್ರಂಥದಲ್ಲಿ, ಎಂಥ ಜಟಿಲವಾದ ಏರಿಳಿತವನ್ನಾದರೂ ಸರಳವಾದ ಅಲೆಗಳ ಮೊತ್ತವಾಗಿ ಬಿಡಿಸುವ ಮಾರ್ಗವನ್ನು ತೋರಿಸಿದನು. ಡೆನಿಸ್ ಗಾಬೋರ್ ಎಂಬಾತನು ೧೯೪೬ರಲ್ಲಿ, ಕಾಲದ ಅಲ್ಪತೆಗೂ ಆವೃತ್ತಿಯ ನಿಷ್ಕೃಷ್ಟತೆಗೂ ಇರುವ ಈ ವಿರೋಧವು ತಪ್ಪಿಸಲಾಗದ ನಿಯಮವೆಂದು ನಿರೂಪಿಸಿದನು. ಒಂದನ್ನು ಹಿಡಿದರೆ ಇನ್ನೊಂದು ಜಾರುವುದು. ಕಿವಿಯ ದೋಷವಲ್ಲ, ಯಂತ್ರದ ದೋಷವೂ ಅಲ್ಲ; ಕೇಳಿದ ಸಂಗತಿಯಲ್ಲಿಯೇ ಅದಕ್ಕಿಂತ ಹೆಚ್ಚಿನ ಅರ್ಥವಿಲ್ಲ.

ಇದರ ಮೇಲೆ ಗದ್ದಲದ ಮಾತು. ನಾದವು ಒಂದೇ ಒಂದು ಶುದ್ಧಸ್ವರವೆಂದು ಮೊದಲೇ ತಿಳಿದಿದ್ದು, ಗದ್ದಲವೂ ಸ್ವಲ್ಪವಾಗಿದ್ದರೆ, ಮೇಲೆ ಹೇಳಿದ ಎಣಿಕೆಗಿಂತ ಸೂಕ್ಷ್ಮವಾಗಿ ಅದರ ಆವೃತ್ತಿಯನ್ನು ಗೊತ್ತುಮಾಡಬಹುದು. ಆದರೆ ಅದಕ್ಕೂ ಒಂದು ಮೇರೆಯುಂಟು. ಅಂಥ ಮೇರೆಯನ್ನು ಎಲ್ಲ ಬಗೆಯ ಅಂದಾಜುಗಳಿಗೂ ಅನ್ವಯಿಸುವಂತೆ ತೋರಿಸಿಕೊಟ್ಟವರಲ್ಲಿ ಒಬ್ಬರು ಕನ್ನಡನಾಡಿನ ಹೂವಿನಹಡಗಲಿಯಲ್ಲಿ ೧೯೨೦ರಲ್ಲಿ ಜನಿಸಿದ ಸಿ. ಆರ್. ರಾವ್ ಅವರು. ೧೯೪೫ರಲ್ಲಿ ಕಲ್ಕತ್ತೆಯ ಗಣಿತಸಂಘದ ಪತ್ರಿಕೆಯಲ್ಲಿ ಅವರ ಲೇಖನವು ಪ್ರಕಟವಾಯಿತು; ಸ್ವೀಡನ್ನಿನ ಹರಾಲ್ಡ್ ಕ್ರಾಮೇರ್ ಎಂಬ ವಿದ್ವಾಂಸನು ಸ್ವತಂತ್ರವಾಗಿ ಅದೇ ತತ್ತ್ವವನ್ನು ಕಂಡನು. ಆದಕಾರಣ ಲೋಕದಲ್ಲಿ ಅದು ಕ್ರಾಮೇರ್–ರಾವ್ ಮೇರೆಯೆಂದು ಪ್ರಸಿದ್ಧವಾಗಿದೆ. ಪಕ್ಷಪಾತವಿಲ್ಲದ ಯಾವ ಅಂದಾಜೂ, ಎಷ್ಟೇ ಜಾಣತನದಿಂದ ಮಾಡಿದ್ದಾದರೂ, ಸಾಕ್ಷ್ಯದಲ್ಲಿ ಅಡಗಿರುವ ಮಾಹಿತಿಯು ಅನುಮತಿಸುವುದಕ್ಕಿಂತ ಹೆಚ್ಚು ಸ್ಥಿರವಾಗಿರಲಾರದು ಎಂಬುದೇ ಅದರ ತಾತ್ಪರ್ಯ. ಕೆರೆಯಲ್ಲಿರುವಷ್ಟು ನೀರನ್ನು ಮಾತ್ರ ತೂಬು ಬಿಡಬಲ್ಲುದು. ತೂಬಿನ ಕೆತ್ತನೆ ಎಷ್ಟು ಚೆನ್ನಾಗಿದ್ದರೇನು?

ಈ ಮೇರೆಯನ್ನು ಒಂಟಿ ಸ್ವರದ ವಿಷಯದಲ್ಲಿ ಲೆಕ್ಕಹಾಕಿದಾಗ ಎರಡು ಸ್ವಾರಸ್ಯಗಳು ತೋರುತ್ತವೆ. ಗದ್ದಲದ ಬಲವನ್ನು ಅರ್ಧಕ್ಕೆ ಇಳಿಸಿದರೆ ತಪ್ಪಿನ ಪ್ರಮಾಣವು ಅರ್ಧವಾಗುವುದು. ಕೇಳುವ ಕಾಲವನ್ನು ಎರಡರಷ್ಟು ಮಾಡಿದರೆ, ಸ್ವರವು ಅಷ್ಟು ಕಾಲವೂ ಒಂದೇ ಸಮನಾಗಿ ನಿಲ್ಲುವುದಾದರೆ, ತಪ್ಪು ಮೂರನೆಯ ಒಂದು ಭಾಗದ ಸಮೀಪಕ್ಕೆ ಇಳಿಯುವುದು. ಮೌನಕ್ಕಿಂತಲೂ ತಾಳ್ಮೆಯೇ ಹೆಚ್ಚಿನ ಫಲವನ್ನು ಕೊಡುವುದೆಂದಾಯಿತು. ಇದು ಮೊದಲನೆಯ ಸ್ವಾರಸ್ಯ. ಪಕ್ಷಪಾತವಿಲ್ಲದ ಅಂದಾಜಿಗೆ ಮಾತ್ರ ಈ ಮೇರೆ ಎಂಬುದು ಎರಡನೆಯದು. ಪಕ್ಷಪಾತವನ್ನು ಒಪ್ಪಿಕೊಂಡವನಿಗೆ ಸ್ಥಿರತೆಯು ಬಹು ಸುಲಭ. ನಿಂತುಹೋದ ಗಡಿಯಾರವು ಎಂದೂ ತಡವರಿಸುವುದಿಲ್ಲ. ಯಾವಾಗ ಕೇಳಿದರೂ ಒಂದೇ ಗಂಟೆಯನ್ನು ಹೇಳುತ್ತದೆ. ಕೇಳುವುದಕ್ಕೆ ಮೊದಲೇ ಉತ್ತರವನ್ನು ನಿಶ್ಚಯಿಸಿಕೊಂಡವನ ಮಾತಿನಲ್ಲಿ ಕಾಣುವ ದೃಢತೆಯು ಈ ಜಾತಿಯದು. ದೃಢತೆಯನ್ನೇ ಸತ್ಯದ ಗುರುತೆಂದು ಭಾವಿಸುವ ಸಭೆಗಳಲ್ಲಿ ಇಂಥವನಿಗೆ ಮನ್ನಣೆ ದೊರೆಯುವುದೂ ಉಂಟು.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವಿದೆ. ನುರಿತ ಮೃದಂಗ ವಿದ್ವಾಂಸನು ಒಂದು ಪೆಟ್ಟನ್ನು ಕೇಳಿದ ಮಾತ್ರದಿಂದಲೇ ವಾದ್ಯವು ಶ್ರುತಿಯಲ್ಲಿದೆಯೋ ಇಲ್ಲವೋ ಎಂಬುದನ್ನು ಹೇಳಬಲ್ಲನು. ಆ ಪೆಟ್ಟಿನ ನಾದವು ಎಷ್ಟು ಹೊತ್ತು ನಿಲ್ಲುವುದು? ಸುತ್ತಲೂ ಕಚೇರಿಯ ಸದ್ದು. ಹಾಗಾದರೆ ಮೇಲೆ ಹೇಳಿದ ನಿಯಮಗಳೆಲ್ಲ ಅವನ ಮುಂದೆ ಸೋತುವಲ್ಲವೆ? ಸೋಲಲಿಲ್ಲ. ಅವನು ಕೇಳಿದ್ದು ಆ ಒಂದು ಪೆಟ್ಟನ್ನು ಮಾತ್ರವಲ್ಲ. ಜೀವಮಾನವೆಲ್ಲ ಕೇಳಿದ ಲಕ್ಷಾಂತರ ಪೆಟ್ಟುಗಳ ನೆನಪನ್ನು ಅದರ ಜೊತೆಗೆ ಕೂಡಿಸಿಕೊಂಡಿದ್ದಾನೆ. ವಾದ್ಯದ ರಚನೆಯೂ ಅವನಿಗೆ ಸಹಾಯವಾಗಿದೆ. ಸಾಮಾನ್ಯವಾದ ಚರ್ಮವಾದ್ಯದಲ್ಲಿ ಮೂಲನಾದಕ್ಕೂ ಮೇಲಿನ ನಾದಗಳಿಗೂ ಸರಿಯಾದ ಅನುಪಾತವಿರುವುದಿಲ್ಲ. ಎರಡನೆಯ ನಾದವು ಮೊದಲನೆಯದರ ಸುಮಾರು ಒಂದೂ ಮುಕ್ಕಾಲಿಗಿಂತ ಕಡಮೆ, ೧.೫೯ರಷ್ಟು ಇರುವುದು. ಮೃದಂಗದ ಬಲಮುಚ್ಚಳಿಕೆಯ ನಡುವೆ ಹಚ್ಚುವ ಕರಣೆಯು ಈ ಅವ್ಯವಸ್ಥೆಯನ್ನು ತಿದ್ದಿ, ಮೇಲಿನ ನಾದಗಳನ್ನು ಎರಡು, ಮೂರು, ನಾಲ್ಕು, ಐದರಷ್ಟರ ಕ್ರಮದಲ್ಲಿ ನಿಲ್ಲಿಸುತ್ತದೆ. ಇದನ್ನು ಸರ್ ಸಿ. ವಿ. ರಾಮನ್ ಅವರು ಶಿವಕಾಳಿ ಕುಮಾರ್ ಎಂಬವರೊಡನೆ ೧೯೨೦ರಲ್ಲಿ ‘ನೇಚರ್’ ಪತ್ರಿಕೆಯ ಮೂಲಕ ಲೋಕಕ್ಕೆ ತಿಳಿಸಿದರು. ೧೯೩೩ರಲ್ಲಿ ಬೆಂಗಳೂರಿನ ವಿಜ್ಞಾನಮಂದಿರಕ್ಕೆ ಬಂದ ತರುವಾಯವೂ ಈ ವಿಷಯವನ್ನು ವಿಸ್ತರಿಸಿ ಬರೆದರು. ನಾದಗಳ ಕ್ರಮವು ಮೊದಲೇ ತಿಳಿದಿರುವುದರಿಂದ, ಐದು ಆವೃತ್ತಿಗಳನ್ನು ಬೇರೆಬೇರೆಯಾಗಿ ಹುಡುಕಬೇಕಾಗಿಲ್ಲ. ಒಂದನ್ನು ಹಿಡಿದರೆ ಮಿಕ್ಕ ನಾಲ್ಕೂ ಅದಕ್ಕೆ ಸಾಕ್ಷಿ ಹೇಳುತ್ತವೆ.

ಆದುದರಿಂದ ತಜ್ಞನ ಶೀಘ್ರನಿರ್ಣಯವು ಅಲ್ಪಶ್ರವಣದಿಂದ ಹುಟ್ಟಿದ್ದಲ್ಲ. ಪೂರ್ವಜ್ಞಾನದಿಂದ ಸಾಲ ತಂದದ್ದು. ಸಾಲವು ತಪ್ಪೆಂದು ಹೇಳಲಾಗದು. ಸಾಲವಿಲ್ಲದೆ ಯಾವ ವ್ಯಾಪಾರವೂ ನಡೆಯದು. ಆದರೆ ಸಾಲವನ್ನು ಸ್ವಂತ ಆಸ್ತಿಯೆಂದು ತೋರಿಸುವುದು ಮಾತ್ರ ಮೋಸ. ಗಣಿತಜ್ಞರ ಉಪಾಯಗಳಲ್ಲಿಯೂ ಈ ಸಾಲವುಂಟು. ಪ್ರೋನಿ ಎಂಬ ಫ್ರೆಂಚ್ ಪಂಡಿತನು ೧೭೯೫ರಲ್ಲಿಯೇ, ಕೈಗೆ ಬಂದ ಕೆಲವೇ ಅಂಕಿಗಳು ಇಂತಿಷ್ಟು ಕ್ಷಯಿಸುವ ಪದಗಳ ಮೊತ್ತವೆಂದು ಭಾವಿಸಿಕೊಂಡು ಆ ಪದಗಳನ್ನು ಬಿಡಿಸಿ ತೆಗೆಯುವ ವಿಧಾನವನ್ನು ಕೊಟ್ಟನು. ೧೯೬೭ರಲ್ಲಿ ಜಾನ್ ಬರ್ಗ್ ಎಂಬಾತನು ಹೇಳಿದ ವಿಧಾನವೂ, ಅದರ ನಂತರ ಬಂದ ಇನ್ನೂ ಕೆಲವು ವಿಧಾನಗಳೂ, ಅಲ್ಪವಾದ ದಾಖಲೆಯಿಂದ ಸೂಜಿಮೊನೆಯಂಥ ಶಿಖರಗಳನ್ನು ಎಬ್ಬಿಸಿ ತೋರಿಸುತ್ತವೆ. ಊಹಿಸಿದ ಮಾದರಿಯು ನಿಜಕ್ಕೆ ಹೊಂದಿದರೆ ಇವು ಅದ್ಭುತವಾದ ಸಾಧನಗಳು. ಮಾದರಿಯು ಹೊಂದದಿದ್ದರೆ, ಇಲ್ಲವೆ ಗದ್ದಲವು ಹೆಚ್ಚಾದರೆ, ಇಲ್ಲದ ಸ್ವರಗಳನ್ನು ಅಷ್ಟೇ ಚೂಪಾಗಿ ತೋರಿಸುತ್ತವೆ. ಚೂಪಿನಿಂದ ಸತ್ಯಾಸತ್ಯವು ತಿಳಿಯುವುದಿಲ್ಲ. ಎರಡು ಸ್ವರಗಳಿವೆಯೆಂದು ಹೇಳಿ ಕೇಳಿದರೆ ಎರಡು ದೊರೆಯುತ್ತವೆ. ಐದೆಂದು ಹೇಳಿದರೆ ಐದು. ಇನ್ನು ಕೆಲವರು ದಾಖಲೆಯ ಹಿಂದೆ ಸೊನ್ನೆಗಳ ಸಾಲನ್ನು ಜೋಡಿಸಿ ಚಿತ್ರವನ್ನು ನುಣುಪಾಗಿ ಬರೆಯುತ್ತಾರೆ. ಗೆರೆಯು ನೋಡಲು ಚೆಂದವಾಗುವುದು ನಿಜ. ಆದರೆ ಮಜ್ಜಿಗೆಗೆ ನೀರು ಬೆರೆಸಿದರೆ ಹೆಚ್ಚು ಮಂದಿಗೆ ಬಡಿಸಬಹುದೇ ಹೊರತು ಬೆಣ್ಣೆ ಹೆಚ್ಚುವುದಿಲ್ಲ.

ಈ ವಿಚಾರವು ಬರಿಯ ವಾದ್ಯಗಳಿಗೆ ಸಂಬಂಧಿಸಿದ್ದಾಗಿದ್ದರೆ ಅದನ್ನು ವಿದ್ವಾಂಸರ ವಿನೋದಕ್ಕೆ ಬಿಟ್ಟುಬಿಡಬಹುದಾಗಿತ್ತು. ಆದರೆ ಮಳೆಯೂ ಒಂದು ಏರಿಳಿತ. ವರ್ಷಕ್ಕೊಂದು ಅಂಕಿಯಂತೆ ಬರೆದಿಟ್ಟ ಮಳೆಯ ದಾಖಲೆಯೂ ಒಂದು ಕಿರಿದಾದ, ಗದ್ದಲ ತುಂಬಿದ ನಾದವೇ. ೧೮೭೬ರಿಂದ ೧೮೭೮ರ ವರೆಗೆ ಮೈಸೂರು ಸೀಮೆಯನ್ನು ಹಾಳುಮಾಡಿದ ಮಹಾಕ್ಷಾಮದ ಸಂಗತಿ ಪ್ರಸಿದ್ಧವಾದದ್ದು. ೧೮೭೧ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆಯು ಐವತ್ತು ಲಕ್ಷಕ್ಕೆ ಮೇಲ್ಪಟ್ಟಿತ್ತು. ೧೮೮೧ರಲ್ಲಿ ಅದು ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು. ಆ ಸಂಕಟದ ನಡುವೆ, ೧೮೭೭ರಲ್ಲಿ, ಖಗೋಳಜ್ಞನಾದ ನಾರ್ಮನ್ ಲಾಕ್ಯರನೂ ಅಂಕಿಅಂಶಗಳ ಅಧಿಕಾರಿಯಾದ ಡಬ್ಲ್ಯು. ಡಬ್ಲ್ಯು. ಹಂಟರನೂ ಕೂಡಿ ಒಂದು ಲೇಖನವನ್ನು ಬರೆದರು. ಸೂರ್ಯಬಿಂಬದ ಕಲೆಗಳು ಸುಮಾರು ಹನ್ನೊಂದು ವರ್ಷಗಳಿಗೊಮ್ಮೆ ಹೆಚ್ಚಿ ತಗ್ಗುವುವು. ಮದರಾಸಿನ ಮಳೆಯೂ ಅದೇ ಅವಧಿಯನ್ನು ಅನುಸರಿಸುವುದು. ಆದಕಾರಣ ಕ್ಷಾಮಗಳೂ ಆ ಚಕ್ರದಂತೆಯೇ ಬರುವುವು ಎಂದು ಅವರ ವಾದ.

ಅವರ ಉದ್ದೇಶವು ಒಳ್ಳೆಯದಾಗಿರಬಹುದು. ಕ್ಷಾಮವನ್ನು ಮುಂಗಂಡು ಜನರನ್ನು ಉಳಿಸಬೇಕೆಂಬ ಆಸೆಗಿಂತ ದೊಡ್ಡದು ಯಾವುದಿದೆ? ಆದರೆ ಅವರ ಕೈಯಲ್ಲಿದ್ದದ್ದು ಸುಮಾರು ಆರು ದಶಕಗಳ ಮಳೆಯ ಲೆಕ್ಕ. ಅದರಲ್ಲಿ ಹನ್ನೊಂದು ವರ್ಷಗಳ ಚಕ್ರವು ಐದೂವರೆ ಸಲ ಮಾತ್ರ ತಿರುಗಬಲ್ಲುದು. ತಂಬೂರಿಯ ನಿಯಮವನ್ನೇ ಇಲ್ಲಿ ಅನ್ವಯಿಸಿದರೆ, ಅರವತ್ತು ವರ್ಷಗಳ ದಾಖಲೆಯು ಹನ್ನೊಂದು ವರ್ಷದ ಅಲೆಯನ್ನು ಒಂಬತ್ತೂವರೆ ವರ್ಷದ ಅಲೆಯಿಂದಾಗಲಿ ಹದಿಮೂರು ವರ್ಷದ ಅಲೆಯಿಂದಾಗಲಿ ಬೇರ್ಪಡಿಸಿ ತೋರಿಸಲಾರದು. ಒಂಬತ್ತೂವರೆಗೂ ಹದಿಮೂರಕ್ಕೂ ನಡುವೆ ಮೂರೂವರೆ ವರ್ಷಗಳ ಅಂತರ. ಹಸಿದವನಿಗೆ ಮೂರೂವರೆ ವರ್ಷವೆಂದರೆ ಅಲ್ಪವಾದ ಕಾಲವಲ್ಲ. ಅದಕ್ಕಿಂತಲೂ ಸೂಕ್ಷ್ಮವಾದ ಅಪಾಯವು ಇನ್ನೊಂದಿದೆ. ಕಾರಣವು ಸೂರ್ಯಮಂಡಲದಲ್ಲಿದೆಯೆಂದು ನಂಬಿದ ಮೇಲೆ, ಧಾನ್ಯವು ಎಲ್ಲಿಗೆ ಹೋಯಿತು, ಕೂಲಿಗೆ ಎಷ್ಟು ಕೊಟ್ಟರು, ಕೆರೆಗಳು ಏಕೆ ಹೂಳಿದುವು ಎಂಬ ಭೂಮಿಯ ಮೇಲಿನ ಪ್ರಶ್ನೆಗಳ ಕಡೆಗೆ ಮನಸ್ಸು ಹೋಗುವುದು ಕಡಮೆಯಾಗುವುದು. ಅವಸರದ ನಿರ್ಣಯವು ತಪ್ಪು ಹೇಳುವುದಷ್ಟೇ ಅಲ್ಲ, ಸರಿಯಾದ ವಿಚಾರಣೆಯನ್ನೂ ನಿಲ್ಲಿಸಿಬಿಡುವುದು.

ಹಾಗಾದರೆ ದಾಖಲೆಯಲ್ಲಿ ಕಂಡ ಏರಿಳಿತವು ಸುಳ್ಳೆ? ಕಂಡದ್ದು ಸುಳ್ಳಲ್ಲ, ಅದಕ್ಕೆ ಕೊಟ್ಟ ಬೆಲೆಯು ಹೆಚ್ಚಾಯಿತು. ಆರ್ಥರ್ ಶೂಸ್ಟರ್ ಎಂಬ ಶಾಸ್ತ್ರಜ್ಞನು ೧೮೯೮ರಲ್ಲಿ, ಯಾವ ಅವಧಿಯ ಅಲೆಗೆ ಎಷ್ಟು ಬಲವಿದೆಯೆಂದು ವರ್ಗೀಕರಿಸಿ ತೋರಿಸುವ ಒಂದು ಲೆಕ್ಕವನ್ನು ರೂಪಿಸಿದನು. ಅರವತ್ತು ವರ್ಷಗಳ ಅಂಕಿಗಳಿಂದ ಹೀಗೆ ಸುಮಾರು ಮೂವತ್ತು ಅವಧಿಗಳನ್ನು ಪರೀಕ್ಷಿಸಬಹುದು. ಮಳೆಯ ಬದಲು ಕವಡೆ ಎಸೆದು ಬಂದ ಅಂಕಿಗಳನ್ನೇ ಬರೆದಿಟ್ಟಿದ್ದರೂ, ಆ ಮೂವತ್ತರಲ್ಲಿ ಅತ್ಯಂತ ಬಲವಾದದ್ದು ಸರಾಸರಿಯ ಸುಮಾರು ನಾಲ್ಕರಷ್ಟು ಇರುವುದೆಂದು ಗಣಿತದಿಂದ ತೋರಿಸಬಹುದು. ಮೂವತ್ತು ಬಾಗಿಲುಗಳನ್ನು ತಟ್ಟಿದವನಿಗೆ ಒಂದಾದರೂ ಬಾಗಿಲು ತೆರೆಯುವುದರಲ್ಲಿ ಆಶ್ಚರ್ಯವೇನು? ತೆರೆದ ಬಾಗಿಲನ್ನು ಮಾತ್ರ ಹೇಳಿ, ತಟ್ಟಿದ ಬಾಗಿಲುಗಳ ಸಂಖ್ಯೆಯನ್ನು ಮರೆಸಿದರೆ ಕೇಳುವವರು ಮೋಸಹೋಗುತ್ತಾರೆ. ೧೯೦೪ರಿಂದ ೧೯೨೪ರ ವರೆಗೆ ಇಂಡಿಯಾದ ಹವಾಮಾನ ಇಲಾಖೆಯ ಮುಖ್ಯಸ್ಥನಾಗಿದ್ದ ಗಿಲ್ಬರ್ಟ್ ವಾಕರನು ೧೯೧೪ರಲ್ಲಿ ಈ ಅಂಶವನ್ನೇ ಎತ್ತಿಹಿಡಿದು, ಹಲವನ್ನು ಪರೀಕ್ಷಿಸಿ ಒಂದನ್ನು ಆರಿಸಿದವನು ಹೆಚ್ಚಿನ ಕಟ್ಟುನಿಟ್ಟಾದ ಒರೆಗಲ್ಲನ್ನು ಉಪಯೋಗಿಸಬೇಕೆಂದು ಎಚ್ಚರಿಸಿದನು. ಮುಂಗಾರನ್ನು ಮುಂತಿಳಿಸುವುದೇ ಅವನ ಕೆಲಸವಾಗಿತ್ತು. ತನ್ನ ಕೆಲಸಕ್ಕೆ ಅನುಕೂಲವಾಗಿದ್ದ ಸುಲಭವಾದ ಉತ್ತರವನ್ನು ಅವನು ಒರೆಹಚ್ಚದೆ ಒಪ್ಪಲಿಲ್ಲ. ಅದೇ ಅವನ ಹಿರಿಮೆ.

ಇದರ ಜೊತೆಗೆ ಉಡ್ನಿ ಯೂಲ್ ಎಂಬ ಸಂಖ್ಯಾಶಾಸ್ತ್ರಜ್ಞನು ೧೯೨೭ರಲ್ಲಿ ಕೊಟ್ಟ ದೃಷ್ಟಾಂತವೂ ನೆನೆಯತಕ್ಕದ್ದಾಗಿದೆ. ಒಂದು ಲೋಲಕವು ತನ್ನ ಪಾಡಿಗೆ ತೂಗುತ್ತಿರುವಾಗ, ತುಂಟ ಹುಡುಗರು ಕೋಣೆಗೆ ನುಗ್ಗಿ ಅದರ ಮೇಲೆ ಬಟಾಣಿಕಾಳುಗಳನ್ನು ಎಸೆಯುತ್ತಾರೆನ್ನೋಣ. ಆಗಲೂ ಲೋಲಕವು ಅಲೆಯಂತೆ ಆಡುತ್ತಲೇ ಇರುವುದು. ನೋಡಿದವರಿಗೆ ಅದರಲ್ಲಿ ಒಂದು ಅವಧಿಯು ತೋರುವುದು. ಆದರೆ ಮುಂದೆ ಕಾಳು ಯಾವಾಗ ತಗಲುವುದೆಂದು ಯಾರಿಗೂ ತಿಳಿಯದ ಕಾರಣ, ಹತ್ತು ತೂಗಾಟಗಳ ಆಚೆಗೆ ಅದು ಎಲ್ಲಿರುವುದೆಂದು ಹೇಳಲಾಗದು. ಗಡಿಯಾರದ ಕ್ರಮ ಬೇರೆ, ಕಾಳು ತಗುಲಿದ ಲೋಲಕದ ಕ್ರಮ ಬೇರೆ. ಅಲ್ಪಕಾಲ ನೋಡಿದವನಿಗೆ ಎರಡೂ ಒಂದೇ ಎಂದು ತೋರುವುವು. ಮಳೆಗೂ, ಮಾರುಕಟ್ಟೆಯ ಧಾರಣೆಗೂ, ಮನುಷ್ಯರ ಮನೋಧರ್ಮಕ್ಕೂ ಒಂದು ತೂಗಾಟವಿರುವುದು ನಿಜ. ಅದನ್ನು ಕಂಡ ಮಾತ್ರಕ್ಕೆ ಪಂಚಾಂಗ ಬರೆಯಲು ಹೊರಡಬಾರದು.

ಇಷ್ಟನ್ನು ಕೇಳಿದವರು, ಹಾಗಾದರೆ ಏನನ್ನೂ ಹೇಳದೆ ಸುಮ್ಮನಿರುವುದೇ ವಿವೇಕವೋ ಎಂದು ಕೇಳಬಹುದು. ಅಲ್ಲ. ದಾರಿಗಳು ಎರಡು ಮೂರುಂಟು. ಸೂಕ್ಷ್ಮತೆಯಲ್ಲಿ ಸ್ವಲ್ಪವನ್ನು ಬಿಟ್ಟುಕೊಟ್ಟು ಸ್ಥಿರತೆಯನ್ನು ಕೊಳ್ಳುವುದು ಮೊದಲನೆಯದು. ಶೂಸ್ಟರನ ಲೆಕ್ಕದಲ್ಲಿ ಒಂದು ವಿಚಿತ್ರವಿದೆ: ದಾಖಲೆಯು ಎಷ್ಟು ಉದ್ದವಾದರೂ ಅದರ ಚಿತ್ರವು ಮುಳ್ಳುಮುಳ್ಳಾಗಿಯೇ ಉಳಿಯುವುದು. ಬಾರ್ಟ್‌ಲೆಟ್ ಎಂಬಾತನು ೧೯೪೮ರಲ್ಲಿ ಇದಕ್ಕೆ ಪರಿಹಾರವನ್ನು ಸೂಚಿಸಿದನು. ದಾಖಲೆಯನ್ನು ಹಲವು ತುಂಡುಗಳಾಗಿ ಮಾಡಿ, ಪ್ರತಿಯೊಂದರ ಚಿತ್ರವನ್ನೂ ಬೇರೆಬೇರೆ ಬರೆದು, ಅವುಗಳ ಸರಾಸರಿಯನ್ನು ತೆಗೆದರೆ ಮುಳ್ಳುಗಳು ಅಡಗುತ್ತವೆ. ಆದರೆ ತುಂಡು ಚಿಕ್ಕದಾದಷ್ಟೂ ಹತ್ತಿರದ ಸ್ವರಗಳು ಒಂದರಲ್ಲೊಂದು ಕಲೆತುಹೋಗುವುವು. ‘ಇಂಥ ವರ್ಷವೇ’ ಎಂದು ಹೇಳುವವನು ತಪ್ಪುವುದು ಹೆಚ್ಚು. ‘ಹತ್ತು ಹದಿನೈದು ವರ್ಷಗಳಲ್ಲಿ ಒಮ್ಮೆ’ ಎಂದು ಹೇಳುವವನು ತಪ್ಪುವುದು ಕಡಮೆ. ಸ್ಥೂಲವಾದ ಸತ್ಯವು ಸೂಕ್ಷ್ಮವಾದ ಸುಳ್ಳಿಗಿಂತ ಮೇಲಲ್ಲವೆ?

ಒಂದು ಕಿವಿಯ ಬದಲು ಹಲವು ಕಿವಿಗಳಿಂದ ಕೇಳುವುದು ಎರಡನೆಯ ದಾರಿ. ಗೌರಿಬಿದನೂರಿನ ಬಳಿ ೧೯೬೫ರಲ್ಲಿ ಸ್ಥಾಪಿತವಾದ ಭೂಕಂಪಗ್ರಾಹಿಗಳ ಸಾಲು ಇದಕ್ಕೆ ಒಳ್ಳೆಯ ಉದಾಹರಣೆ. ಎರಡು ತೋಳುಗಳಂತೆ ನೆಲದ ಮೇಲೆ ಹರಡಿದ ಇಪ್ಪತ್ತು ಗ್ರಾಹಿಗಳು ದೂರದೇಶದ ಭೂಕಂಪವನ್ನೂ, ಭೂಗರ್ಭದಲ್ಲಿ ನಡೆದ ಅಣುಸ್ಫೋಟವನ್ನೂ ಒಟ್ಟಿಗೆ ಆಲಿಸುವಂತೆ ಅವುಗಳನ್ನು ಅಣಿಮಾಡಿದರು. ಅಲ್ಲಿಗೆ ಬರುವುದು ಕ್ಷಣಿಕವಾದ ಒಂದು ನಡುಕ. ನೆಲದ ಸಹಜವಾದ ಅದುರಾಟದಲ್ಲಿ ಅದು ಮುಳುಗಿರುವುದು. ಅಲೆಯು ಒಂದು ಗ್ರಾಹಿಯಿಂದ ಇನ್ನೊಂದಕ್ಕೆ ಬರಲು ಹಿಡಿಯುವ ಕಾಲವನ್ನು ಸರಿದೂಗಿಸಿ ಇಪ್ಪತ್ತನ್ನೂ ಕೂಡಿಸಿದರೆ, ಬೇಕಾದ ದನಿಯು ಒಂದಕ್ಕೊಂದು ಸೇರಿ ಬೆಳೆಯುವುದು. ಒಂದೊಂದರ ಗದ್ದಲವೂ ಬೇರೆಬೇರೆಯಾಗಿದ್ದರೆ ಅದು ಸುಮಾರು ನಾಲ್ಕೂವರೆಯಲ್ಲಿ ಒಂದು ಪಾಲಿಗೆ ಇಳಿಯುವುದು. ಆದರೆ ‘ಬೇರೆಬೇರೆಯಾಗಿದ್ದರೆ’ ಎಂಬ ನಿಬಂಧನೆಯನ್ನು ಮರೆಯಬಾರದು. ಊರಿನಲ್ಲಿ ಒಬ್ಬನ ಮೇಲೆ ಹುಟ್ಟಿದ ಅಪವಾದವನ್ನು ಇಪ್ಪತ್ತು ಮಂದಿ ಹೇಳಬಹುದು. ಇಪ್ಪತ್ತು ಮಂದಿಯೂ ಒಬ್ಬನ ಬಾಯಿಂದಲೇ ಕೇಳಿದ್ದರೆ ಅವರೆಲ್ಲರೂ ಸೇರಿ ಒಬ್ಬ ಸಾಕ್ಷಿಯಷ್ಟೇ. ತಲೆಗಳನ್ನು ಎಣಿಸುವ ಮೊದಲು ಕಿವಿಗಳನ್ನು ಎಣಿಸಬೇಕು.

ಇನ್ನು ಮೂರನೆಯದು ಎಲ್ಲಕ್ಕಿಂತಲೂ ಮುಖ್ಯವಾದದ್ದು. ತಿಳಿದದ್ದೆಷ್ಟು ಎಂಬ ಪ್ರಶ್ನೆಯನ್ನೂ ಮಾಡಬೇಕಾದದ್ದೇನು ಎಂಬ ಪ್ರಶ್ನೆಯನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳಬೇಕು. ಅಟ್ಟದ ಮೇಲಿನ ಕಾಯಿಯು ಸದ್ದುಮಾಡದಿದ್ದಾಗ ಒಕ್ಕಲಿಗನು ಅದನ್ನು ಒಡೆಯುವುದಿಲ್ಲ. ತಿರುಳು ಬಿಟ್ಟಿಲ್ಲವೆಂಬುದು ಅವನಿಗೆ ನಿಶ್ಚಯವಾಗಿ ತಿಳಿದಿದೆಯೆಂದಲ್ಲ. ಅವಸರದಿಂದ ಒಡೆದರೆ ತಿರುಳು ಕರಟಕ್ಕೆ ಅಂಟಿಕೊಂಡು ಉಂಡೆಯು ಚೂರಾಗುವುದು, ಬೆಲೆಯು ಬಿದ್ದುಹೋಗುವುದು; ಇನ್ನೊಂದು ತಿಂಗಳು ಬಿಟ್ಟರೆ ಬಹುಮಟ್ಟಿಗೆ ಕಾಲವಷ್ಟೇ ವ್ಯಯ. ಎರಡು ತಪ್ಪುಗಳಲ್ಲಿ ಯಾವುದು ಹೆಚ್ಚು ನಷ್ಟವೆಂಬುದನ್ನು ತೂಗಿ ಅವನು ನಡೆದುಕೊಳ್ಳುತ್ತಾನೆ. ಸಂದೇಹವಿದ್ದರೂ ನಡೆಯಲ್ಲಿ ಗೊಂದಲವಿಲ್ಲ.

ಕ್ಷಾಮದ ವಿಷಯದಲ್ಲಿಯೂ ಹಿಂದಿನವರು ಹೀಗೆಯೇ ನಡೆದುಕೊಂಡರು. ಹೆಸರಿನಲ್ಲಿಯೇ ಕೆರೆಯನ್ನು ಇಟ್ಟುಕೊಂಡಿರುವ ಊರುಗಳು ಈ ನಾಡಿನಲ್ಲಿ ಎಷ್ಟಿಲ್ಲ? ತುರುವೇಕೆರೆಯೂ ಅವುಗಳಲ್ಲೊಂದು. ಅಂಥ ಕೆರೆಗಳನ್ನು ಕಟ್ಟಿಸಿದವರ ಕೈಯಲ್ಲಿ ಅರವತ್ತು ವರ್ಷಗಳ ಮಳೆಯ ಲೆಕ್ಕವಿರಲಿಲ್ಲ. ಸೂರ್ಯನ ಕಲೆಗಳ ಸುದ್ದಿಯೂ ಅವರಿಗೆ ತಿಳಿಯದು. ಯಾವ ವರ್ಷ ಮಳೆ ತಪ್ಪುವುದೆಂಬುದನ್ನು ಅವರು ಹೇಳಲಾರರಾಗಿದ್ದರು. ಆದರೆ ಎಂದಾದರೂ ಒಂದು ವರ್ಷ ಮಳೆ ತಪ್ಪಿಯೇ ತಪ್ಪುವುದೆಂಬುದನ್ನು ಅವರು ಚೆನ್ನಾಗಿ ಬಲ್ಲರು. ಕೆರೆ ಕಟ್ಟಲು ಅಷ್ಟು ಜ್ಞಾನವು ಸಾಕಾಗಿತ್ತು. ಚಕ್ರವು ಒಂಬತ್ತು ವರ್ಷದ್ದೋ ಹದಿಮೂರು ವರ್ಷದ್ದೋ ಎಂದು ಕೆರೆಯ ಏರಿಯು ಕೇಳುವುದಿಲ್ಲ. ಅಲ್ಪಜ್ಞಾನವನ್ನು ಹಿಗ್ಗಿಸಿ ಮಹಾಜ್ಞಾನವೆಂದು ಸಾರುವುದರ ಬದಲು, ಅಲ್ಪಜ್ಞಾನಕ್ಕೆ ತಕ್ಕಂಥ, ತಪ್ಪಿದರೂ ಕೇಡಾಗದಂಥ ಕಾರ್ಯವನ್ನು ಆರಿಸಿಕೊಳ್ಳುವುದು ವಿವೇಕದ ಲಕ್ಷಣವಾಗಿದೆ.

ಮನುಷ್ಯರನ್ನು ಅಳೆಯುವುದರಲ್ಲಿಯೂ ಈ ಮಾತುಗಳು ಸಲ್ಲುತ್ತವೆ. ಒಬ್ಬನನ್ನು ಒಂದು ದಿನ ಕೋಪದಲ್ಲಿ ಕಂಡವನು ಅವನ ಸ್ವಭಾವವನ್ನೇ ಕಂಡೆನೆಂದು ಹೇಳುವುದು, ಒಂದು ತುಂಡು ಕಂಪನದಿಂದ ಸ್ವರವನ್ನು ಹೆಸರಿಸಿದಂತೆ. ಒಂದು ದಿನದ ನೋಟಕ್ಕೆ ಒಂದು ದಿನದಷ್ಟೇ ಪ್ರಶ್ನೆಯನ್ನು ಹಾಕಬೇಕು: ಈತನು ಈ ದಿನ ದಣಿದಿದ್ದನೋ, ಈತನಿಗೆ ಈಗ ಸಹಾಯ ಬೇಕೋ? ಜನ್ಮದ ಸ್ವಭಾವವನ್ನು ತಿಳಿಯಲು ಜನ್ಮದ ಬಹುಪಾಲು ಬೇಕಾಗಬಹುದು. ತೀರ್ಪು ಹೇಳಲೇಬೇಕಾಗಿ ಬಂದಾಗ, ಅದರೊಡನೆ ಮೂರು ಮಾತುಗಳನ್ನು ಸೇರಿಸುವುದು ಸತ್ಯಕ್ಕೆ ಸಲ್ಲಿಸುವ ಕನಿಷ್ಠ ಗೌರವ: ಕೇಳಿದ್ದು ಎಷ್ಟು ಹೊತ್ತು, ಮೊದಲೇ ನಂಬಿದ್ದರಿಂದ ತಂದ ಸಾಲ ಎಷ್ಟು, ಹೇಳದೆ ಬಿಟ್ಟ ಬಾಗಿಲುಗಳು ಎಷ್ಟು. ಈ ಮೂರನ್ನೂ ಹೇಳಿದವನ ಅಂದಾಜು ತಪ್ಪಾದರೂ ಅದು ಇತರರ ಕೈಯಲ್ಲಿ ತಿದ್ದುಪಡಿಯಾಗಬಲ್ಲುದು. ಇವನ್ನು ಮುಚ್ಚಿಟ್ಟವನ ಅಂದಾಜು ಅದೃಷ್ಟವಶದಿಂದ ಸರಿಯಾದರೂ, ಮುಂದಿನವರಿಗೆ ಅದರಿಂದ ಕಲಿಯುವುದಕ್ಕೆ ಏನೂ ಉಳಿಯುವುದಿಲ್ಲ.